ಬುದ್ಧಿ ಸ್ವಾಧೀನದಲ್ಲಿರುವಾಗಲೇ ಬರೆದಿಡಬೇಕಾದ ಪತ್ರ

ನಮ್ಮ ಸಂಘದ ಹಿರಿಯ ಸದಸ್ಯರಲ್ಲಿ ಅನೇಕರು ೧೯೬೦-೭೦ರ ದಶಕಗಳಲ್ಲಿ ವೈದ್ಯರಾಗಿ, ಇಂಜಿನಿಯರುಗಳಾಗಿ ಈ ಇಂಗ್ಲೆಂಡಿಗೆ ಬಂದವರು. ಮನೆ ಕೊಂಡದ್ದಾಯಿತು, ಮಕ್ಕಳು ಓದಿ ತಮ್ಮ ತಮ್ಮ ದಾರಿ ಹಿಡಿದದ್ದಾಯಿತು, ಪಿಂಚಣಿಯೂ ಬರುತ್ತಿದೆ. ವಿಲ್ ಬರೆದಿಟ್ಟವರೂ ಇದ್ದಾರೆ. ಆದರೆ ವಿಲ್ ಕೆಲಸಕ್ಕೆ ಬರುವುದು ನಾವು ಕಣ್ಣು ಮುಚ್ಚಿದ ಮೇಲೆ. ಅದಕ್ಕೂ ಮುಂಚೆ, ಉಸಿರಿದ್ದೂ ಬುದ್ಧಿ ಸ್ವಾಧೀನದಲ್ಲಿಲ್ಲದ ಕಾಲವೊಂದು ಬಂದರೆ ನಮ್ಮ ಹಣಕಾಸು ನೋಡುವವರು ಯಾರು?

“ಯಾರೇನು? ಹೆಂಡತಿ ಇದ್ದಾಳೆ, ಮಗ ಇದ್ದಾನೆ” ಎಂಬುದು ನಮ್ಮವರ ಉತ್ತರ. ಇಲ್ಲಿನ ಕಾನೂನು ಹಾಗೆ ಹೇಳುವುದಿಲ್ಲ. ಒಬ್ಬ ಹಿರಿಯರಿಗೆ ಪಾರ್ಶ್ವವಾಯು ಬಡಿದು ಮಾತು, ತಿಳಿವಳಿಕೆ ಎರಡೂ ಹೋದವೆಂದು ಭಾವಿಸೋಣ. ಪಿಂಚಣಿ ಅವರ ಹೆಸರಿನ ಖಾತೆಗೇ ಬೀಳುತ್ತದೆ. ಕೌನ್ಸಿಲ್ ಟ್ಯಾಕ್ಸು, ಗ್ಯಾಸ್ ಬಿಲ್ಲು ಅದರಿಂದಲೇ ಹೋಗಬೇಕು. ಐವತ್ತು ವರ್ಷ ಸಂಸಾರ ಮಾಡಿದ ಹೆಂಡತಿಯಾದರೂ ಆ ಖಾತೆಯನ್ನು ಮುಟ್ಟುವ ಹಕ್ಕು ಆಕೆಗೆ ತಾನಾಗಿ ಬರುವುದಿಲ್ಲ. ಜಂಟಿ ಖಾತೆಯಾದರೂ, ಒಬ್ಬರಿಗೆ ತಿಳಿವಳಿಕೆ ತಪ್ಪಿದೆಯೆಂದು ಗೊತ್ತಾದಾಗ ಬ್ಯಾಂಕು ಅದರ ವ್ಯವಹಾರಕ್ಕೆ ತಡೆ ಹಾಕಬಹುದು. ಇಬ್ಬರ ಹೆಸರಿನಲ್ಲಿರುವ ಮನೆಯನ್ನು ಆಕೆಯೊಬ್ಬಳೇ ರುಜು ಹಾಕಿ ಮಾರಲಾಗದು.

ಆಗ ಉಳಿಯುವುದು ಕೋರ್ಟ್ ಆಫ್ ಪ್ರೊಟೆಕ್ಷನ್ನಿನ ದಾರಿ. ಅಲ್ಲಿ ಅರ್ಜಿ ಹಾಕಿ, ವೈದ್ಯಕೀಯ ವರದಿ ಕೊಟ್ಟು, ತಿಂಗಳುಗಟ್ಟಲೆ ಕಾದು, ‘ಡೆಪ್ಯೂಟಿ’ ಎಂದು ನೇಮಕವಾಗಬೇಕು. ಆಮೇಲೂ ಭದ್ರತೆಯ ಬಾಂಡು, ವರ್ಷವರ್ಷವೂ ಮೇಲ್ವಿಚಾರಣೆಯ ಶುಲ್ಕ, ಲೆಕ್ಕಪತ್ರ ಒಪ್ಪಿಸುವುದು ಇದ್ದೇ ಇರುತ್ತದೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ ಇದು.

ಈ ಪಾಡು ತಪ್ಪಿಸಲು ಇರುವುದೇ ‘ಲಾಸ್ಟಿಂಗ್ ಪವರ್ ಆಫ್ ಅಟಾರ್ನಿ’. ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ೨೦೦೫ರ ಮೆಂಟಲ್ ಕೆಪ್ಯಾಸಿಟಿ ಕಾಯಿದೆಯಂತೆ ಇದು ೨೦೦೭ರ ಅಕ್ಟೋಬರ್ ೧ರಿಂದ ಜಾರಿಗೆ ಬಂತು. ಅದಕ್ಕೂ ಮುಂಚೆ ರುಜು ಮಾಡಿದ ಹಳೆಯ ‘ಎಂಡ್ಯೂರಿಂಗ್’ ಪತ್ರ ತಮ್ಮ ಪೆಟ್ಟಿಗೆಯಲ್ಲಿದ್ದರೆ ಎಸೆಯಬೇಡಿ, ಅದು ಇಂದಿಗೂ ಊರ್ಜಿತವೇ. ಸ್ಕಾಟ್ಲೆಂಡಿನಲ್ಲಿ, ಉತ್ತರ ಐರ್ಲೆಂಡಿನಲ್ಲಿ ಇರುವವರಿಗೆ ಬೇರೆ ಕಾನೂನು ಇದೆ. ಅವರು ಅಲ್ಲಿಯದನ್ನೇ ವಿಚಾರಿಸಬೇಕು.

ಈ ಪತ್ರದಲ್ಲಿ ಎರಡು ಬಗೆ: ಒಂದು ಆಸ್ತಿ ಮತ್ತು ಹಣಕಾಸಿಗೆ, ಇನ್ನೊಂದು ಆರೋಗ್ಯ ಮತ್ತು ಆರೈಕೆಗೆ. ಮೊದಲನೆಯದನ್ನು ನೋಂದಾಯಿಸಿದ ಮೇಲೆ, ನಾವು ಒಪ್ಪಿದರೆ, ನಮ್ಮ ಬುದ್ಧಿ ಚೆನ್ನಾಗಿರುವಾಗಲೂ ಬಳಸಬಹುದು. ಚಳಿಯಲ್ಲಿ ಬ್ಯಾಂಕಿಗೆ ಹೋಗಲಾರದವರಿಗೆ ಇದೊಂದು ಅನುಕೂಲ. ಎರಡನೆಯದು ನಮಗೆ ತೀರ್ಮಾನಿಸುವ ಶಕ್ತಿ ಇಲ್ಲದಾಗ ಮಾತ್ರ ನಡೆಯುತ್ತದೆ.

ಯಾರನ್ನು ಆರಿಸಬೇಕು? ಹದಿನೆಂಟು ತುಂಬಿದ ಯಾರಾದರೂ ಆಗಬಹುದು. ಅಟಾರ್ನಿ ಎಂದ ಮಾತ್ರಕ್ಕೆ ವಕೀಲರೇ ಆಗಬೇಕಿಲ್ಲ. ಹಣಕಾಸಿನ ಪತ್ರಕ್ಕೆ ದಿವಾಳಿಯಾದವರು ಸಲ್ಲರು. ಹಿರಿಯ ಮಗನೆಂಬ ಒಂದೇ ಕಾರಣಕ್ಕೆ ಹೆಸರು ಬರೆಯುವ ಪದ್ಧತಿ ನಮ್ಮಲ್ಲಿದೆ. ತನ್ನ ಮನೆಯ ಲೆಕ್ಕವನ್ನೇ ಸರಿಯಾಗಿ ಇಡದವನು ನಮ್ಮ ಲೆಕ್ಕ ಇಟ್ಟಾನೆಯೇ? ಸಮೀಪದಲ್ಲಿದ್ದು, ಕಾಗದಪತ್ರ ಅಚ್ಚುಕಟ್ಟಾಗಿಟ್ಟು, ಒಡಹುಟ್ಟಿದವರ ಮುಂದೆ ಲೆಕ್ಕ ತೋರಿಸಲು ಅಳುಕದ ಮಗಳೋ ಸೊಸೆಯೋ ಗೆಳೆಯರೋ ಇದ್ದರೆ ಅವರೇ ತಕ್ಕವರು.

ಇಬ್ಬರನ್ನು ಹೆಸರಿಸುವಾಗ ಒಂದು ಮಾತು ನೆನಪಿರಲಿ. ‘ಜಂಟಿಯಾಗಿ ಮಾತ್ರ’ ಎಂದು ಬರೆದರೆ ಪ್ರತಿಯೊಂದಕ್ಕೂ ಇಬ್ಬರ ರುಜು ಬೇಕು. ಒಬ್ಬರು ತೀರಿಕೊಂಡರೆ, ಬದಲಿ ವ್ಯಕ್ತಿಯನ್ನು ಹೆಸರಿಸದೆ ಇದ್ದಲ್ಲಿ, ಪತ್ರವೇ ನಿಂತುಹೋಗುತ್ತದೆ. ‘ಜಂಟಿಯಾಗಿಯೂ ಪ್ರತ್ಯೇಕವಾಗಿಯೂ’ ಎಂದರೆ ಆ ತೊಡಕಿಲ್ಲ. ಹೇಗಿದ್ದರೂ ಬದಲಿ ಹೆಸರೊಂದನ್ನು ಬರೆಯುವುದು ಜಾಣತನ.

ಬೇಲಿಯೇ ಎದ್ದು ಹೊಲ ಮೇಯ್ದರೆ? ಈ ಭಯ ಸಹಜ. ಅದಕ್ಕೆಂದೇ ಕೆಲವು ಕಟ್ಟುಪಾಡುಗಳಿವೆ. ನಾವು ಅರ್ಥಮಾಡಿಕೊಂಡು, ಯಾರ ಒತ್ತಡವೂ ಇಲ್ಲದೆ ರುಜು ಮಾಡುತ್ತಿದ್ದೇವೆಂದು ಹೊರಗಿನವರೊಬ್ಬರು ದೃಢೀಕರಿಸಬೇಕು. ಅವರು ನಮ್ಮನ್ನು ಕಡೇಪಕ್ಷ ಎರಡು ವರ್ಷದಿಂದ ಬಲ್ಲವರೋ, ಇಲ್ಲವೆ ವೈದ್ಯ, ಸಾಲಿಸಿಟರರಂಥ ವೃತ್ತಿಯವರೋ ಆಗಿರಬೇಕು. ಬಂಧುಗಳಾಗಲಿ ಅಳಿಯಂದಿರಾಗಲಿ ಆಗದು. ನೇಮಕಗೊಂಡವರು ನಮ್ಮ ಹಣವನ್ನು ತಮ್ಮ ಹಣದಲ್ಲಿ ಬೆರೆಸದೆ, ಲೆಕ್ಕವಿಟ್ಟು, ನಮ್ಮ ಹಿತಕ್ಕಾಗಿಯೇ ನಡೆಯಬೇಕು. ಮದುವೆಯ ಮುಯ್ಯಿ, ಹುಟ್ಟುಹಬ್ಬ, ಹಬ್ಬದ ಉಡುಗೊರೆ, ನಾವು ಮೊದಲಿಂದ ಕೊಡುತ್ತಿದ್ದ ಧರ್ಮಕಾರ್ಯದ ಹಣ ಇವನ್ನು ನಮ್ಮ ಸ್ಥಿತಿಗೆ ತಕ್ಕಷ್ಟು ಕೊಡಬಹುದು. ಮೊಮ್ಮಗನ ಮನೆಯ ಮುಂಗಡಕ್ಕೆಂದು ದೊಡ್ಡ ಮೊತ್ತ ಕೊಡುವುದಕ್ಕೆ ಕೋರ್ಟಿನ ಅಪ್ಪಣೆ ಬೇಕು. ಅನುಮಾನ ಬಂದವರು ಆಫೀಸ್ ಆಫ್ ದಿ ಪಬ್ಲಿಕ್ ಗಾರ್ಡಿಯನ್ನಿಗೆ ದೂರು ಕೊಟ್ಟರೆ ಅದು ವಿಚಾರಣೆ ನಡೆಸಬಲ್ಲದು.

ಪತ್ರಕ್ಕೆ ಮೊದಲು ನಾವು, ಅನಂತರ ದೃಢೀಕರಿಸುವವರು, ಕಡೆಗೆ ನೇಮಕಗೊಳ್ಳುವವರು ರುಜು ಮಾಡಬೇಕು. ಈ ಕ್ರಮ ತಪ್ಪಿದರೆ ಪತ್ರ ಹಿಂದಕ್ಕೆ ಬರುತ್ತದೆ. ನೋಂದಣಿ ಶುಲ್ಕ ೨೦೨೫ರ ನವೆಂಬರಿನಿಂದ ಒಂದೊಂದು ಪತ್ರಕ್ಕೆ ೯೨ ಪೌಂಡ್. ಆದಾಯ ಕಡಿಮೆ ಇರುವವರಿಗೆ ರಿಯಾಯಿತಿ ಉಂಟು. ನೋಂದಣಿಯಾಗದ ಪತ್ರ ಬರಿಯ ಕಾಗದ. ನೋಂದಣಿಗೆ ವಾರಗಟ್ಟಲೆ ಹಿಡಿಯುವುದರಿಂದ, ಬರೆದ ಕೂಡಲೇ ಕಳಿಸುವುದು ಮೇಲು. ಮರೆವಿನ ರೋಗದ ಆರಂಭದಲ್ಲಿರುವವರು ಕೂಡ, ವಿಷಯ ಗ್ರಹಿಸಬಲ್ಲರಾದರೆ, ರುಜು ಮಾಡಬಹುದು.

ಇನ್ನು ಊರಿನ ಆಸ್ತಿಯ ಸಂಗತಿ. ಮೈಸೂರಿನ ಸೈಟು, ಬೆಂಗಳೂರಿನ ಮನೆ, ಹಳ್ಳಿಯ ಜಮೀನು ನೋಡಿಕೊಳ್ಳಲು ತಮ್ಮನಿಗೋ ಭಾವಮೈದುನನಿಗೋ ಜನರಲ್ ಪವರ್ ಆಫ್ ಅಟಾರ್ನಿ ಕೊಟ್ಟಿರುವವರು ನಮ್ಮಲ್ಲಿ ಬಹಳ. ಬಾಡಿಗೆ ವಸೂಲಿ, ಕಂದಾಯ, ಖಾತೆಯ ಓಡಾಟ ಎಲ್ಲ ಅದರಲ್ಲೇ ನಡೆಯುತ್ತಿರುತ್ತದೆ. ಆದರೆ ೧೮೭೨ರ ಭಾರತೀಯ ಕರಾರು ಕಾಯಿದೆಯ ೨೦೧ನೆಯ ಕಲಮಿನಂತೆ, ಕೊಟ್ಟವರು ತೀರಿಕೊಂಡರೆ ಮಾತ್ರವಲ್ಲ, ಬುದ್ಧಿಭ್ರಮಣೆಗೆ ಒಳಗಾದರೂ ಆ ಅಧಿಕಾರ ಮುಗಿಯುತ್ತದೆ. ಅಂದರೆ ಎಲ್ಲಕ್ಕಿಂತ ಹೆಚ್ಚು ಬೇಕಾದ ಹೊತ್ತಿನಲ್ಲೇ ಅದು ಕೈಕೊಡುತ್ತದೆ. ಇಲ್ಲಿನ ‘ಲಾಸ್ಟಿಂಗ್’ ಪತ್ರವನ್ನು ತೋರಿಸಿ ಅಲ್ಲಿನ ಸಬ್‌ರಿಜಿಸ್ಟ್ರಾರರ ಕಚೇರಿಯಲ್ಲಿ ಕ್ರಯಪತ್ರ ಮಾಡಿಸಬಹುದೆಂದು ನಂಬಿ ಕೂರುವಂತಿಲ್ಲ.

ಆದ್ದರಿಂದ ಊರಿನ ಆಸ್ತಿಯನ್ನು ಮಾರುವುದೋ, ಮಕ್ಕಳಿಗೆ ದಾನಪತ್ರ ಮಾಡುವುದೋ, ಪಾಲು ಹಂಚುವುದೋ, ಏನಿದ್ದರೂ ತಿಳಿವಳಿಕೆ ಇರುವಾಗಲೇ ಅಲ್ಲಿನ ವಕೀಲರ ಸಲಹೆ ಪಡೆದು ಮುಗಿಸುವುದು ಕ್ಷೇಮ. ಅದಕ್ಕಾಗಿ ಇಲ್ಲಿಂದ ಅಧಿಕಾರಪತ್ರ ಕಳಿಸುವುದಾದರೆ, ನೋಟರಿಯ ಮುಂದೆ ರುಜು ಮಾಡಿ ಅಪೊಸ್ಟೀಲ್ ಮುದ್ರೆ ಹಾಕಿಸಬೇಕು, ಅಥವಾ ಭಾರತೀಯ ಹೈಕಮಿಷನ್ನಿನಲ್ಲಿ ದೃಢೀಕರಣ ಪಡೆಯಬೇಕು. ಅದು ಭಾರತ ತಲುಪಿದ ಮೂರು ತಿಂಗಳೊಳಗೆ ಅಲ್ಲಿನ ಸ್ಟಾಂಪು ಶುಲ್ಕ ಕಟ್ಟಬೇಕು.

ಸಾವು, ಕಾಯಿಲೆಗಳ ಮಾತನ್ನು ಹಬ್ಬದ ದಿನ ಎತ್ತುವುದು ಅಶುಭವೆಂದು ನಮಗೆ ಹಿಂಜರಿಕೆ. ಆದರೆ ಮಕ್ಕಳೆಲ್ಲ ಒಂದೆಡೆ ಸೇರುವುದು ಯುಗಾದಿಗೋ ದೀಪಾವಳಿಗೋ ತಾನೆ? ಈ ಸಲ ಊಟ ಮುಗಿದ ಮೇಲೆ ಅರ್ಧ ಗಂಟೆ ಕೂತು, ಯಾವ ಬ್ಯಾಂಕಿನಲ್ಲಿ ಯಾವ ಖಾತೆ, ವಿಮೆಯ ಕಾಗದ ಎಲ್ಲಿ, ಊರಿನ ಪತ್ರಗಳು ಯಾರ ಬಳಿ ಎಂಬ ಪಟ್ಟಿಯೊಂದನ್ನು ಅವರ ಮುಂದಿಡಿ. ಯಾರನ್ನು, ಏಕೆ ನೇಮಿಸುತ್ತಿದ್ದೀರಿ ಎಂದು ಎಲ್ಲರಿಗೂ ಒಟ್ಟಿಗೆ ಹೇಳಿ. ಮುಂದೆ ಅಣ್ಣತಮ್ಮಂದಿರ ನಡುವೆ ಏಳಬಹುದಾದ ಎಷ್ಟೋ ಮನಸ್ತಾಪ ಅಲ್ಲಿಗೇ ಕಳೆಯುತ್ತದೆ.