ಗಾಜಿನ ಗೂಡಿನೊಳಗಿನ ಕೊಂಬೆ

ಮೃಗಾಲಯಗಳಲ್ಲಿ ಮರಗಪ್ಪೆ, ಊಸರವಳ್ಳಿ, ಹಾವುಗಳನ್ನು ಗಾಜಿನ ಗೂಡುಗಳಲ್ಲಿ ಇರಿಸಿರುವುದನ್ನು ನಾವು ಕಾಣುತ್ತೇವೆ. ಅಲ್ಲಿ ಓರೆಯಾಗಿ ನಿಲ್ಲಿಸಿದ ಕೊಂಬೆಯು ಬರಿಯ ಅಲಂಕಾರವೆಂದು ತೋರಬಹುದು. ಆದರೆ ಆ ಜೀವಿಗೆ ಅದೇ ನೆಲೆ, ಅದೇ ದಾರಿ. ಅದರ ಆಯ್ಕೆ ತಪ್ಪಿದರೆ ಪ್ರಾಣಕ್ಕೇ ಅಪಾಯ.

ಕಾರಣವೇನು? ಕಪ್ಪೆಯು ಸಾಮಾನ್ಯವಾಗಿ ನೀರನ್ನು ಬಾಯಿಂದ ಕುಡಿಯದೆ ಚರ್ಮದಿಂದ ಹೀರಿಕೊಳ್ಳುತ್ತದೆ. ಕೊಂಬೆಗೆ ಕೀಟನಾಶಕ ಅಂಟಿದ್ದರೆ ಅದೂ ಒಳಸೇರುತ್ತದೆ. ಆದುದರಿಂದ ಔಷಧ ಸಿಂಪಡಿಸಿದ ತೋಟದಿಂದಾಗಲಿ, ವಾಹನಗಳ ಹೊಗೆ ಕುಳಿತ ರಸ್ತೆಯಂಚಿನಿಂದಾಗಲಿ ಕೊಂಬೆಯನ್ನು ತರಲಾಗದು. ದೇವದಾರುವಿನ ತೈಲದ ಸುವಾಸನೆ ನಮಗೆ ಹಿತ. ಮುಚ್ಚಿದ ಗೂಡಿನಲ್ಲಿ ಅದರ ಆವಿಯೇ ಉಸಿರಾಟಕ್ಕೆ ತೊಡಕು. ಕಣಗಿಲೆಗಂತೂ ಸರ್ವಾಂಗವೂ ವಿಷ. ಸೀಬೆ, ಸೇಬು, ಓಕ್ ಮರಗಳ ಗಟ್ಟಿ ಕೊಂಬೆಗಳು ಉತ್ತಮ. ತೇವದ ಗೂಡಿಗೆ ಬೇಗ ಕೊಳೆಯದ ಕಾರ್ಕ್ ಓಕ್ ತೊಗಟೆ ಇನ್ನೂ ಮೇಲು. ಪೋರ್ಚುಗಲ್ಲಿನಲ್ಲಿ ಅದನ್ನು ಮರ ಕಡಿಯದೆಯೇ 9 ವರ್ಷಗಳಿಗೊಮ್ಮೆ ಸುಲಿಯುತ್ತಾರೆ.

ದಪ್ಪವನ್ನೂ ಗಮನಿಸಬೇಕು. ಊಸರವಳ್ಳಿಯ ಪಾದಗಳು ಇಕ್ಕಳದಂತೆ ಹಿಡಿಯುವುದರಿಂದ ಅದಕ್ಕೆ ತೆಳುಕೊಂಬೆ ಬೇಕು. ಹೆಬ್ಬಾವಿಗೆ ಅದರ ಭಾರ ತಾಳುವಂಥದು. ಕೊಂಬೆಯನ್ನು ಸಾಬೂನಿಲ್ಲದೆ ಉಜ್ಜಿ, ಕುದಿನೀರಿನಲ್ಲಿ ನೆನೆಸಿ, ಚೆನ್ನಾಗಿ ಒಣಗಿಸಬೇಕು. ಮಣ್ಣು ತುಂಬುವ ಮೊದಲೇ ತಳಕ್ಕೆ ಭದ್ರಪಡಿಸಿದರೆ, ಪ್ರಾಣಿಯು ಬುಡವನ್ನು ತೋಡಿದರೂ ಅದು ಮೈಮೇಲೆ ಉರುಳದು.

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಹೆಬ್ಬಾವು, ಊಸರವಳ್ಳಿಗಳನ್ನು ಹಿಡಿದು ಮನೆಯಲ್ಲಿ ಸಾಕುವಂತಿಲ್ಲ. ಅಭಯಾರಣ್ಯದಿಂದ ಅನುಮತಿಯಿಲ್ಲದೆ ಒಣಕೊಂಬೆಯನ್ನೂ ತರುವಂತಿಲ್ಲ. ಇದು ಸರಿಯೇ. ಅಲ್ಲಿ ಬಿದ್ದ ಕೊಂಬೆಯ ಅಡಿಯಲ್ಲಿಯೂ ಯಾವುದೋ ಕಪ್ಪೆಯ ಮನೆಯಿರಬಹುದಲ್ಲವೆ?