ದಪ್ಪ ಗೋಪುರದಿಂದ ಏಳುವುದು ಹೊಗೆಯೋ, ಹಬೆಯೋ?

ವಾಯುಮಾಲಿನ್ಯದ ಫಾರ್ವರ್ಡ್‌ಗಳಲ್ಲಿ ಒಂದೇ ಬಗೆಯ ಫೋಟೋ ಮತ್ತೆ ಮತ್ತೆ ಕಾಣುತ್ತದೆ. ನಡು ಸಣ್ಣಗಿರುವ ದೈತ್ಯ ಗೋಪುರಗಳು, ಅವುಗಳ ಬಾಯಿಂದ ಏಳುವ ಬಿಳಿ ಮೋಡ. ಜೊತೆಗೆ ‘ಎಷ್ಟು ವಿಷದ ಹೊಗೆ ನೋಡಿ’ ಎಂಬ ಸಾಲು. ಅದು ಹೊಗೆಯಲ್ಲ, ನೀರಿನ ಹಬೆ.

ಇಂಥ ಎಂಟು ಗೋಪುರಗಳಿರುವ ಇಂಗ್ಲೆಂಡಿನ ರಾಟ್‌ಕ್ಲಿಫ್ ವಿದ್ಯುತ್ ಸ್ಥಾವರವನ್ನೇ ತೆಗೆದುಕೊಳ್ಳೋಣ. ನಾಟಿಂಗ್‌ಹ್ಯಾಮ್ ಬಳಿ, ಟ್ರೆಂಟ್ ನದಿಯ ಪಕ್ಕ, 1968ರಲ್ಲಿ ಶುರುವಾದ 2,000 ಮೆಗಾವಾಟ್ ಸ್ಥಾವರವಿದು. ಸುತ್ತಮುತ್ತ ಕಲ್ಲಿದ್ದಲು ಗಣಿಗಳಿದ್ದವು, ನದಿಯಲ್ಲಿ ನೀರಿತ್ತು.

ನೀರು ಯಾಕೆ ಬೇಕು? ಕಲ್ಲಿದ್ದಲು ಉರಿಸಿ ನೀರು ಕಾಯಿಸಿದರೆ ಉಗಿ ಬರುತ್ತದೆ, ಉಗಿ ಟರ್ಬೈನ್ ತಿರುಗಿಸುತ್ತದೆ. ಕೆಲಸ ಮುಗಿಸಿದ ಉಗಿಯನ್ನು ಮತ್ತೆ ನೀರಾಗಿಸಲು ಬೇರೆ ಕೊಳವೆಗಳಲ್ಲಿ ತಣ್ಣೀರು ಹರಿಸುತ್ತಾರೆ. ಹಾಗೆ ಬಿಸಿಯಾದ ನೀರನ್ನು ಕೂಲಿಂಗ್ ಟವರ್ ಒಳಗೆ ಹನಿಹನಿಯಾಗಿ ಬೀಳಿಸುತ್ತಾರೆ. ನಾವು ಚಹಾ ಆರಿಸಲು ಲೋಟದಿಂದ ಲೋಟಕ್ಕೆ ಎತ್ತಿ ಸುರಿಯುತ್ತೇವಲ್ಲ, ಹೆಚ್ಚುಕಡಿಮೆ ಅದೇ ಲೆಕ್ಕ. ಸ್ವಲ್ಪ ನೀರು ಆವಿಯಾಗುತ್ತದೆ, ಉಳಿದದ್ದು ತಣ್ಣಗಾಗುತ್ತದೆ. ಮೇಲೆ ಹೋದ ಆವಿಯೇ ಬಿಳಿ ಮೋಡ.

ಹಾಗಾದರೆ ಕಲ್ಲಿದ್ದಲಿನ ಹೊಗೆ ಎಲ್ಲಿ? ಪಕ್ಕದ 199 ಮೀಟರ್ ಎತ್ತರದ ತೆಳ್ಳನೆ ಚಿಮಣಿಯಲ್ಲಿ. ಫೋಟೋದಲ್ಲಿ ಅದನ್ನು ಯಾರೂ ಗಮನಿಸುವುದಿಲ್ಲ. ಹಾರುಬೂದಿಯನ್ನು ಯಂತ್ರಗಳು ಬಹುಪಾಲು ಹಿಡಿಯುತ್ತವೆ, ಗಂಧಕದ ಅನಿಲವನ್ನು ತಗ್ಗಿಸುವ ವ್ಯವಸ್ಥೆಯೂ ಅಲ್ಲಿತ್ತು. ಆದರೆ ಭೂಮಿಯನ್ನು ಬಿಸಿ ಮಾಡುವ ಕಾರ್ಬನ್ ಡೈಆಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಚಿಮಣಿ ಬರಿದಾಗಿ ಕಂಡಾಗಲೂ ಅದು ಹೊರಬರುತ್ತಲೇ ಇರುತ್ತದೆ. ‘ಇದು ಬರೀ ಹಬೆ, ಏನೂ ಅಪಾಯವಿಲ್ಲ’ ಎನ್ನುವ ಫಾರ್ವರ್ಡ್ ಅದಕ್ಕೇ ನಮಗೆ ಮೊದಲಿನದಕ್ಕಿಂತ ಹೆಚ್ಚು ದಾರಿ ತಪ್ಪಿಸುವಂಥದ್ದು ಅನಿಸುತ್ತದೆ. ರಾಯಚೂರಿನ ಶಕ್ತಿನಗರದವರಿಗೆ ಹಾರುಬೂದಿಯ ಬಗ್ಗೆ ಹೊಸದಾಗಿ ಹೇಳಬೇಕಿಲ್ಲ.

ರಾಟ್‌ಕ್ಲಿಫ್ 2024ರ ಸೆಪ್ಟೆಂಬರ್ 30ರಂದು ಬಂದ್ ಆಯಿತು. ಅದು ಬ್ರಿಟನ್ನಿನ ಕೊನೆಯ ಕಲ್ಲಿದ್ದಲು ವಿದ್ಯುತ್ ಸ್ಥಾವರ. 2012ರಲ್ಲಿ ಆ ದೇಶದ ವಿದ್ಯುತ್ತಿನಲ್ಲಿ ಸುಮಾರು 40% ಕಲ್ಲಿದ್ದಲಿನಿಂದ ಬರುತ್ತಿತ್ತು. ಇಂಗಾಲದ ಮೇಲಿನ ತೆರಿಗೆ, ಗಾಳಿ ವಿದ್ಯುತ್, ನೈಸರ್ಗಿಕ ಅನಿಲ ಸೇರಿ ಹನ್ನೆರಡೇ ವರ್ಷದಲ್ಲಿ ಅದನ್ನು ಸೊನ್ನೆಗೆ ಇಳಿಸಿದವು. ‘ಬ್ರಿಟನ್‌ನಲ್ಲಿ ಈಗ ಹೊಗೆಯೇ ಇಲ್ಲ’ ಎಂದು ಯಾರಾದರೂ ಕಳಿಸಿದರೆ ನಂಬಬೇಡಿ, ಅನಿಲ ಸ್ಥಾವರಗಳು ಇನ್ನೂ ಉರಿಯುತ್ತಿವೆ.

ಮುಚ್ಚುವ ಮುನ್ನ, ಜೂನ್ ಕೊನೆಯಲ್ಲಿ ಅಲ್ಲಿಗೆ ಕೊನೆಯ ಕಲ್ಲಿದ್ದಲು ರೈಲು ಬಂತು. ತಂದದ್ದು 1,650 ಟನ್. ಐದು ಲಕ್ಷ ಮನೆಗಳಿಗೆ ಅದರಿಂದ ಸಿಗುತ್ತಿದ್ದದ್ದು ಎಂಟು ಗಂಟೆಯ ಕರೆಂಟು.