ಅಂಕಪಟ್ಟಿಯ ಕೋಶಗಳಿಗೆ ಕೋಡ್ ಮೂಲಕ ಬಣ್ಣ

ನಾಟ್ರಾಂಪಾಳ್ಯದಂತಹ ಗಡಿಗ್ರಾಮದ ಹತ್ತನೆಯ ತರಗತಿಯ ಅಂಕಪಟ್ಟಿಯೊಂದು ಸ್ಪ್ರೆಡ್‌ಶೀಟ್‌ನಲ್ಲಿದೆ ಎಂದು ಭಾವಿಸೋಣ. ಕನ್ನಡ ಮತ್ತು ತಮಿಳು ಶೀರ್ಷಿಕೆಗಳೆರಡೂ ಅದರಲ್ಲಿರುವುದರಿಂದ, ಎರಡೂ ಲಿಪಿಗಳುಳ್ಳ ನಿರ್ಮಲಾ ಯುಐ ಫಾಂಟನ್ನು ಆರಿಸುವುದು ಸೂಕ್ತ. ತೇರ್ಗಡೆಗೆ ಬೇಕಾದ 35 ಅಂಕಗಳಿಗಿಂತ ಕಡಿಮೆ ಇರುವ ಕೋಶಗಳಿಗೆ ಕೆಂಪು ಬಣ್ಣ ತುಂಬಲು ಪೈಥಾನ್ ಭಾಷೆಯ ಓಪನ್‌ಪೈಎಕ್ಸೆಲ್ ಲೈಬ್ರರಿಯಲ್ಲಿ ‘ಪ್ಯಾಟರ್ನ್‌ಫಿಲ್’ ಎಂಬ ಸೌಲಭ್ಯವಿದೆ. ಕೋಡ್ ಪ್ರತಿಯೊಂದು ಕೋಶವನ್ನೂ ಪರಿಶೀಲಿಸಿ ಬಣ್ಣ ಹಚ್ಚುತ್ತದೆ; ಕೆಲಸ ಕ್ಷಣಮಾತ್ರದ್ದು.

ಆದರೆ ಹೀಗೆ ಹಚ್ಚಿದ ಬಣ್ಣಕ್ಕೆ ಅಂಕದ ಅರಿವಿಲ್ಲ. ಮರುಎಣಿಕೆಯ ಬಳಿಕ 32ನ್ನು 38 ಎಂದು ತಿದ್ದಿದರೂ ಕೋಶ ಕೆಂಪಾಗಿಯೇ ಉಳಿಯುತ್ತದೆ. ಬಣ್ಣವನ್ನಷ್ಟೇ ನೋಡಿ ಪಟ್ಟಿ ಮಾಡುವವರು ತೇರ್ಗಡೆಯಾದ ಮಗುವನ್ನು ಅನುತ್ತೀರ್ಣರ ಸಾಲಿಗೆ ಸೇರಿಸಿಬಿಡುತ್ತಾರೆ; ಆ ಮಗುವಿನ ಮನೆಯವರಿಗೆ ಇದು ಸಣ್ಣ ತಪ್ಪಲ್ಲ.

ಆದುದರಿಂದ ಬಣ್ಣದ ಬದಲಿಗೆ ‘ಕಂಡಿಷನಲ್ ಫಾರ್ಮ್ಯಾಟಿಂಗ್’ ನಿಯಮವನ್ನೇ ಕೋಡ್ ಮೂಲಕ ಹಾಳೆಯಲ್ಲಿ ಅಳವಡಿಸುವುದು ಲೇಸು. ಆಗ ಅಂಕ ತಿದ್ದಿದೊಡನೆ ಬಣ್ಣವೂ ತಾನಾಗಿ ಬದಲಾಗುತ್ತದೆ. ಇಲ್ಲಿಯೂ ಎರಡು ತೊಡಕುಗಳುಂಟು. ಪಠ್ಯರೂಪದಲ್ಲಿ ದಾಖಲಾದ 20 ಕೆಂಪಾಗುವುದಿಲ್ಲ. ಅದನ್ನು ಮೊದಲು ಸಂಖ್ಯೆಯಾಗಿ ಪರಿವರ್ತಿಸಬೇಕು. ಖಾಲಿ ಕೋಶವನ್ನಾದರೋ ಎಕ್ಸೆಲ್ ಸೊನ್ನೆಯೆಂದೇ ಎಣಿಸಿ ಕೆಂಪು ಮಾಡುತ್ತದೆ. ಪರೀಕ್ಷೆಗೆ ಗೈರುಹಾಜರಾದ ಮಗು ಅನುತ್ತೀರ್ಣವೆಂದು ತೋರದಿರಲು, ‘ಕೋಶ ಖಾಲಿಯಿರಬಾರದು’ ಎಂಬ ಷರತ್ತನ್ನೂ ನಿಯಮದಲ್ಲಿ ಸೇರಿಸಬೇಕು.